ಮಾರ್ಕರಿಗಿಂತ ಗುಂಡು ಮೇಲು

ಪೇಂಟ್‌ಬಾಲ್ ಆಟಕ್ಕೆ ಹೊಸದಾಗಿ ಬಂದವರ ಆಸೆಯೆಲ್ಲ ಮಾರ್ಕರ್, ಅಂದರೆ ಬಣ್ಣದ ಗುಂಡು ಹಾರಿಸುವ ಬಂದೂಕಿನ ಮೇಲೆ. ವಾರಗಟ್ಟಲೆ ವಿಚಾರಿಸಿ ಅದನ್ನು ಕೊಳ್ಳುತ್ತಾರೆ. ಗುಂಡುಗಳನ್ನು ಮಾತ್ರ ಕಣ್ಣಿಗೆ ಬಿದ್ದ ಅಗ್ಗದ ಪೆಟ್ಟಿಗೆಯಿಂದ ತುಂಬಿಕೊಳ್ಳುತ್ತಾರೆ. ನನಗೋ ಈ ಆಟದ ಸೊಗಸು ಶುರುವಾಗುವುದೇ ಗುಂಡಿನಲ್ಲಿ. ಹೊಸ ಚೀಲ ಹರಿದು ಒಂದನ್ನು ಬೆರಳ ನಡುವೆ ಹೊರಳಿಸುವಾಗ, ಹುಡುಗರು ಗೋಲಿ ಆರಿಸುವಾಗಿನ ಶ್ರದ್ಧೆ ನನ್ನಲ್ಲೂ ಮೂಡುತ್ತದೆ.

ಸುಮಾರು ಮೂರು ಗ್ರಾಂ ತೂಗುವ ಈ ಗುಂಡು ಔಷಧದಂಗಡಿಯ ಕುಲದ್ದು. ಮೀನೆಣ್ಣೆ ಗುಳಿಗೆಗಿರುವಂಥದೇ ಜೆಲಟಿನ್ ಸಿಪ್ಪೆ. ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ. ಮೊದಲು ಹಾಗಿರಲಿಲ್ಲ. ಮರಗಳಿಗೂ ದನಗಳಿಗೂ ದೂರದಿಂದಲೇ ಗುರುತು ಹಾಕಲೆಂದು ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ಗುಂಡುಗಳಲ್ಲಿ ಇದ್ದದ್ದು ಎಣ್ಣೆ ಬಣ್ಣ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಮಂದಿ ಮೊದಲ ಆಟ ಆಡಿದ್ದು ಅವುಗಳಿಂದಲೇ. ಗೆದ್ದವನು ರಿಚಿ ವೈಟ್ ಎಂಬ ಅರಣ್ಯ ಬಲ್ಲವನು, ಒಂದೂ ಗುಂಡು ಹಾರಿಸದೆ! ಈ ಆಟದ ಚರಿತ್ರೆಯಲ್ಲಿ ನನಗೆ ತುಂಬ ಪ್ರಿಯವಾದ ಸಂಗತಿ ಅದು.

ನಾನಿರುವ ಮಿಷಿಗನ್‌ನಲ್ಲಿ ಅಕ್ಕನ ಮಗ ಮೊದಲ ಮಾರ್ಕರ್ ಕೊಂಡ: ಟಿಪ್‌ಮನ್ 98. ಗಟ್ಟಿಮುಟ್ಟಾದ ಯಂತ್ರ. "ಮಾಮಾ, ಟೂರ್ನಮೆಂಟ್ ಪೇಂಟೇ ತಗೊಳ್ಳೋಣ್ವಾ?" ಎಂದ. ಬೇಡವೆಂದೆ. ಆ ದುಬಾರಿ ಗುಂಡುಗಳ ಸಿಪ್ಪೆ ತೆಳು. ಎದುರಾಳಿಗೆ ತಾಗಿದ್ದೇ ತಡ ಒಡೆಯಲೆಂದೇ ಮಾಡಿದ್ದು. ಇಂಥ ಮಾರ್ಕರಿನ ಬೋಲ್ಟ್ ಗುಂಡನ್ನು ಒರಟಾಗಿ ತಳ್ಳುತ್ತದೆ, ಒಳಗೇ ಒಡೆದರೆ ಬ್ಯಾರೆಲ್ಲೆಲ್ಲ ಬಣ್ಣ, ಆಮೇಲೆ ಹಾರಿದ ಪ್ರತಿ ಗುಂಡೂ ಅಡ್ಡದಾರಿ. ತೀರ ಅಗ್ಗದ್ದೂ ಬೇಡ: ಸಿಪ್ಪೆ ದಪ್ಪ, ಮೈಗೆ ಬಡಿದು ಪುಟಿದು ಹೋಗುತ್ತದೆ, ಪೆಟ್ಟು ಮಾತ್ರ ಉಳಿಯುತ್ತದೆ. ಕಲಿಯುವವರಿಗೆ ನಡುದರ್ಜೆಯ ತಾಜಾ ಗುಂಡೇ ಸರಿ.

ತಾಜಾತನ ತಿಳಿಯಲು ಒಂದನ್ನು ಭುಜದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಮೊದಲ ಸಲಕ್ಕೇ ಒಡೆದರೆ ಅದು ತೀರ ಪೆಡಸು. ಎಷ್ಟು ಸಲ ಬಿಟ್ಟರೂ ಪುಟಿಯುತ್ತಲೇ ಇದ್ದರೆ ತೀರ ಗಟ್ಟಿ. ಎರಡನೆಯದಕ್ಕೋ ಮೂರನೆಯದಕ್ಕೋ ಒಡೆಯುವುದು ನನ್ನ ಮೆಚ್ಚಿನದು. ಕುಳಿ ಬಿದ್ದದ್ದು, ಜೋಡಣೆಯ ಗೆರೆ ಉಬ್ಬಿದ್ದು, ಜಿಡ್ಡು ಹತ್ತಿದ್ದು ಯಾವ ಬೆಲೆಗೂ ಬೇಡ.

ಇನ್ನು ಅಳತೆ. ಪೆಟ್ಟಿಗೆಯ ಮೇಲೆ 0.68 ಇಂಚು, ಅಂದರೆ ಹದಿನೇಳೂಕಾಲು ಮಿಲಿಮೀಟರ್ ಎಂದಿದ್ದರೂ, ಜೆಲಟಿನ್ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬ್ಯಾರೆಲ್ ಬಿಚ್ಚಿ ಅದರ ಹಿಂಬದಿಯಿಂದ ಒಂದನ್ನು ಹಾಕಿ. ಸರ್ರನೆ ಉರುಳಿ ಆಚೆ ಬಿದ್ದರೆ ಸಡಿಲ. ಗಾಳಿ ಸೋರಿ ವೇಗ ಒಂದೊಂದು ಸಲಕ್ಕೆ ಒಂದೊಂದಾಗುತ್ತದೆ. ಸಿಕ್ಕಿಕೊಂಡರೆ ಬಿಗಿ. ಅಲ್ಲೇ ನಿಂತು, ಬಾಯಿಂದ ಊದಿದೊಡನೆ ಹೊರಟರೆ ಅದೇ ಹದ. ಈ ಪರೀಕ್ಷೆ ಮಾಡುವಾಗ ಹುಡುಗನ ಕಣ್ಣು ಅರಳಿದ್ದು ನೋಡಿದೆ. ಮೈದಾನದಲ್ಲಿ ಅವನ ಗುಂಡುಗಳು ನೇರ ಹಾರಿದವು.

ಇಲ್ಲಿನ ಚಳಿಗಾಲದಲ್ಲಿ ಸಿಪ್ಪೆ ಗಾಜಿನಂತೆ ಸಿಡಿಯುತ್ತದೆ, ಆಗ ಚಳಿಗೆಂದೇ ಮಾಡಿದ ಪೇಂಟ್ ಬೇಕು. ಬಣ್ಣ ಹಳದಿಯೋ ಗುಲಾಬಿಯೋ ಇರಲಿ. ಕೆಂಪನ್ನು ನೆತ್ತರೆಂದು ತಿಳಿದು ಗಾಬರಿಯಾಗುವುದುಂಟು, ಹಾಗಾಗಿ ಎಷ್ಟೋ ಮೈದಾನಗಳು ಅದನ್ನು ಬಿಡುವುದಿಲ್ಲ. ಕೆಲವೆಡೆ ಅವರೇ ಮಾರುವ ಪೇಂಟನ್ನಷ್ಟೇ ಬಳಸಬೇಕು, ಕೊಳ್ಳುವ ಮುನ್ನ ಕೇಳಿ. ನೆಲಕ್ಕೆ ಬಿದ್ದದ್ದನ್ನು ಎತ್ತಿ ತುಂಬಬೇಡಿ. ಉಳಿದ ಚೀಲವನ್ನು ಫ್ರಿಜ್ಜಿನಲ್ಲೂ ಕಾರಿನ ಡಿಕ್ಕಿಯಲ್ಲೂ ಇಡದೆ, ತಣ್ಣನೆಯ ಒಣ ಕೋಣೆಯಲ್ಲಿಟ್ಟು ಆಗಾಗ ಮಗುಚಿ ಹಾಕಿ, ಬೇಗ ಆಡಿ ಮುಗಿಸಿ.