ಪಿಕಪ್‌ಗೆ ಇನ್ನೊಂದು ಡೀಸೆಲ್ ಫಿಲ್ಟರ್ ಹಾಕಿಸಿದ್ದು ಯಾಕೆ, ಹೇಗೆ

ಮಂಡಿ ಹತ್ರ ಗಾಡಿ ನಿಲ್ಸಿದಾಗೆಲ್ಲ ಯಾರಾದ್ರೂ ಒಬ್ಬರು ಬಗ್ಗಿ ನೋಡಿ, "ಇದೇನಣ್ಣ, ಟ್ರ್ಯಾಕ್ಟರ್‌ದು ಗಾಜಿನ ಬಟ್ಲು ಪಿಕಪ್‌ಗೆ ಹಾಕ್ಕೊಂಡಿದ್ದೀಯ?" ಅಂತ ಕೇಳ್ತಾರೆ. ಹರಾಜಿನ ಹೊತ್ತಲ್ಲಿ ನಿಂತು ವಿವರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ವರ್ಷ ಹಿಂಗಾರು ಮಳೆ ಹಿಡ್ಕೊಂಡಿದ್ದಾಗ ನಮ್ಮ ಭಾವನ ಗಾಡಿ ಮುಳಬಾಗಿಲಿಂದ ಕೋಲಾರಕ್ಕೆ ಬರೋ ಹೆದ್ದಾರಿ 75ರಲ್ಲಿ ನಿಂತೋಯ್ತು. ಮೇಲೆ 90 ಬಾಕ್ಸ್ ಟೊಮೆಟೊ, ಬಾಕ್ಸಿಗೆ 15 ಕೆ.ಜಿ. ಸೆಲ್ಫ್ ಹೊಡೆದಷ್ಟೂ ಬ್ಯಾಟರಿ ಇಳೀತೇ ಹೊರತು ಇಂಜಿನ್ ಹಿಡೀಲಿಲ್ಲ. ಇನ್ನೊಂದು ಗಾಡಿ ಹುಡುಕಿ, ಬಾಕ್ಸ್ ಎಲ್ಲ ಅದಕ್ಕೆ ಬದಲಾಯಿಸಿ ಮಂಡಿ ಮುಟ್ಟೋ ಹೊತ್ತಿಗೆ ಒಳ್ಳೇ ರೇಟು ಮುಗಿದಿತ್ತು. ಅದನ್ನ ಹೇಗೋ ನುಂಗ್ಕೊಂಡ್ರು. ಆಮೇಲೆ ಬಂತು ನೋಡಿ ದೊಡ್ಡ ಪೆಟ್ಟು. ಪಂಪಿನ ಅಂಗಡಿಯಲ್ಲಿ ಬಿಚ್ಚಿ ನೋಡಿದ್ರೆ ನಾಲ್ಕರಲ್ಲಿ ಮೂರು ಇಂಜೆಕ್ಟರ್ ಹೋಗಿದ್ವು, ಒಳಗೆ ತುಕ್ಕು. ಮುಂದಿನ ಬೆಳೆಗೆ ಕಡ್ಡಿ, ದಾರ, ಮಲ್ಚಿಂಗ್ ಶೀಟು ಅಂತ ಎತ್ತಿಟ್ಟಿದ್ದ ದುಡ್ಡೆಲ್ಲ ಅಲ್ಲಿಗೇ ಹೋಯ್ತು. ನರ್ಸರಿಗೆ ಹೇಳಿದ್ದ ಸಸಿ ಬೇರೆಯವರ ಪಾಲಾಯ್ತು. ಒಂದು ಎಕರೆ ಆ ಸಲ ಖಾಲಿ ಬಿತ್ತು.

ನೀರು ಎಲ್ಲಿಂದ ಬಂತು ಅಂತ ಕೊನೆಗೂ ಗೊತ್ತಾಗ್ಲಿಲ್ಲ. ಬಂಕಿನ ಟ್ಯಾಂಕಿಗೆ ಮಳೆ ನೀರು ಇಳಿದಿತ್ತೋ, ಮನೆಯ ಡ್ರಮ್ಮಿನಿಂದ ಬಂತೋ. ಸುಮ್ಮನೆ ಯಾರ ಹೆಸರೂ ಹೇಳೋದು ಬೇಡ.

ನಮ್ಮಪ್ಪನ ಹಳೇ ಟ್ರ್ಯಾಕ್ಟರ್ ಇದೇ ನೀರು ಕುಡಿದಿದ್ರೆ ನಾಲ್ಕು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಏರ್ ತೆಗೆದ ಮೇಲೆ ಮತ್ತೆ ಓಡೋದು. ಅದರ ಇಂಜೆಕ್ಟರ್ ಡೀಸೆಲ್ ಚಿಮ್ಮೋದು ಸುಮಾರು 200 ಬಾರ್ ಒತ್ತಡದಲ್ಲಿ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ 1,600 ಬಾರ್, ಕೆಲವಕ್ಕೆ ಅದಕ್ಕೂ ಜಾಸ್ತಿ. ಒಳಗಿನ ಭಾಗಗಳ ಮಧ್ಯೆ ಇರೋ ಸಂದು ಕೆಲವೇ ಮೈಕ್ರಾನ್. ತಲೆಕೂದಲು ಒಂದು 70 ಮೈಕ್ರಾನ್ ದಪ್ಪ ಇರುತ್ತೆ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಈ ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅವಕ್ಕೆ ಎಣ್ಣೆ. ಅದರ ಜಾಗಕ್ಕೆ ನೀರು ಬಂದ್ರೆ ಲೋಹಕ್ಕೆ ಲೋಹ ಉಜ್ಜುತ್ತೆ, ಗಾಡಿ ನಾಲ್ಕು ದಿನ ನಿಂತ್ರೆ ತುಕ್ಕು ಹಿಡಿಯುತ್ತೆ.

ನಮಗೆ ಇದು ಹೊಸ ಪಾಠ ಏನಲ್ಲ. ಬೋರ್ ನೀರಲ್ಲಿ ಮರಳು ಬರ್ತಿದ್ರೆ ಮೊದಲು ಹೈಡ್ರೋಸೈಕ್ಲೋನ್ ಇಟ್ಟು, ಆಮೇಲೆ ಡಿಸ್ಕ್ ಫಿಲ್ಟರ್ ಕೂರಿಸ್ತೀವಿ. ಡಿಸ್ಕ್ ಒಂದನ್ನೇ ಇಟ್ರೆ ದಿನಕ್ಕೆರಡು ಸಲ ತೊಳೀಬೇಕು. ಡ್ರಿಪ್ಪಿಗೆ ಹಾಕೋ 120 ಮೆಶ್ ಅಂದ್ರೆ ಸುಮಾರು 130 ಮೈಕ್ರಾನ್. ಗಾಡಿಯ ಕಂಪನಿ ಫಿಲ್ಟರ್ ಹಿಡಿಯೋದು ಐದು ಮೈಕ್ರಾನ್ ಆಸುಪಾಸಿನ ಕಸ. ಅಷ್ಟು ಸಣ್ಣ ಜಾಲರಿಗೆ ನೀರು, ಕೆಸರು, ಟ್ಯಾಂಕಿನ ತುಕ್ಕು ಎಲ್ಲ ಒಟ್ಟಿಗೆ ಕಳಿಸೋ ಬದಲು ದಪ್ಪದ್ದನ್ನೂ ನೀರನ್ನೂ ಮೊದಲೇ ತಡೆದುಬಿಡೋದು. ನಾನು ಹಾಕಿಸಿರೋದು ಅಷ್ಟೇ.

ಪಂಪಿನ ಅಂಗಡಿಯ ಮೇಸ್ತ್ರಿ ಮೊದಲು ಒಪ್ಪಲಿಲ್ಲ. "ಕಂಪನಿಯವರಿಗೆ ಗೊತ್ತಿಲ್ದೇ ಇರೋದು ನಿನಗೆ ಗೊತ್ತಾ?" ಅಂದ್ರು. ಅವರ ಮಾತಲ್ಲೂ ಹುರುಳಿದೆ. ನನ್ನ ಗಾಡಿಯಲ್ಲಿ ಟ್ಯಾಂಕಿಂದ ಪಂಪಿನ ತನಕ ಡೀಸೆಲ್ ಎಳೆತದ ಮೇಲೇ ಬರೋದು. ಆ ದಾರಿಯಲ್ಲಿ ಎಲ್ಲಾದ್ರೂ ಬಿಗಿಯಾದ್ರೆ ಪಂಪಿಗೆ ಡೀಸೆಲ್ ಸಾಲಲ್ಲ, ಏರಿನಲ್ಲಿ ಲೋಡ್ ಎಳೆಯುವಾಗ ಗಾಡಿ ಸೋಲುತ್ತೆ. ಸುಡೋದಕ್ಕಿಂತ ಎಷ್ಟೋ ಜಾಸ್ತಿ ಡೀಸೆಲ್ ಪಂಪ್ ಎಳೆದು, ಉಳಿದದ್ದನ್ನ ರಿಟರ್ನ್ ಪೈಪಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ಅದಕ್ಕೇ ಬೈಕಿಗೆ ಹಾಕೋ ಪುಟ್ಟ ಪ್ಲಾಸ್ಟಿಕ್ ಫಿಲ್ಟರ್ ಇಲ್ಲಿ ನಡೆಯಲ್ಲ. ಹೆಚ್ಚು ಸಣ್ಣ ಜಾಲರಿಯೂ ಬೇಡ. ನಾನು ಹಾಕಿಸಿದ್ದು 30 ಮೈಕ್ರಾನಿಂದು, ಕೆಳಗೆ ನೀರು ನಿಲ್ಲೋ ಬಟ್ಟಲು, ಅದಕ್ಕೊಂದು ಡ್ರೈನ್ ತಿರುಪು. ಟ್ಯಾಂಕಿಗೂ ಕಂಪನಿ ಫಿಲ್ಟರಿಗೂ ಮಧ್ಯೆ, ಚಾಸಿಯ ಒಳಮಗ್ಗುಲಿಗೆ, ಕಲ್ಲು ಸಿಡಿಯದ ಕಡೆ. ಕಂಪನಿ ಫಿಲ್ಟರ್ ತನ್ನ ಜಾಗದಲ್ಲೇ ಇದೆ. ಹೈ ಪ್ರೆಶರ್ ಪಂಪ್ ದಾಟಿದ ಮೇಲಿನ ಲೈನನ್ನ ಯಾರೂ ಮುಟ್ಟಬಾರದು, ಆ ಒತ್ತಡದ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತೆ.

ಎಲ್ಲ ಸೇರಿ ಖರ್ಚು ಒಂದು ಎಕರೆಗೆ ಒಂದು ಸಲ ಔಷಧಿ ಹೊಡೆಯೋದಕ್ಕಿಂತ ಕಡಿಮೆ. ದುಡ್ಡು ಉಳಿಸಬಾರದ ಜಾಗ ಪೈಪು. ಡೀಸೆಲ್‌ಗೆ ಅಂತಲೇ ಬರೋ ರಬ್ಬರ್ ಹೋಸ್ ಹಾಕಿ. ಪಾರದರ್ಶಕ ನೀರಿನ ಪೈಪ್ ದಿನ ಕಳೆದಂತೆ ಕಡ್ಡಿ ಹಾಗೆ ಬಿರುಸಾಗಿ ಬಿರುಕು ಬಿಡುತ್ತೆ. ಜಿಐ ನಿಪ್ಪಲ್ಲೂ ಬೇಡ, ಅದರ ಸತು ಡೀಸೆಲ್ ಜೊತೆ ಸೇರಿ ಇಂಜೆಕ್ಟರ್ ತುದಿಯಲ್ಲಿ ಕಟ್ಟಿಕೊಳ್ಳುತ್ತೆ.

ಹಾಕಿಸಿದ ವಾರದಲ್ಲೇ ಬೆಳಗ್ಗೆ ಸ್ಟಾರ್ಟ್ ಆಗೋದು ತಡ ಆಗೋಕೆ ಶುರುವಾಯ್ತು. ಆನ್ ಮಾಡಿ ಬಟ್ಟಲು ನೋಡಿದ್ರೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳ್ತಿವೆ. ಎಳೆತದ ಲೈನಲ್ಲಿ ಸಂದಿದ್ರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ನೆಲದ ಮೇಲೆ ಒಂದು ಹನಿಯೂ ಕಾಣಲ್ಲ, ಅದೇ ಮೋಸ. ಅಂಗಡಿಯಿಂದ ಬಂದ ವಾಷರ್ರೇ ಒಣಗಿ ಬಿರುಸಾಗಿತ್ತು. ಹೊಸದು ಹಾಕಿ, ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆದ ಮೇಲೆ ಸರಿಹೋಯ್ತು. ಇನ್ನೊಂದು ಮಾತು: ಹೊಸ ಫಿಲ್ಟರಿಗೆ ಕ್ಯಾನಿಂದ ಡೀಸೆಲ್ ಸುರಿದು ತುಂಬಿಸೋ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಕಾಮನ್ ರೈಲಿಗೆ ಹಾಗೆ ಮಾಡ್ಬೇಡಿ, ಸುರಿದ ಡೀಸೆಲ್ ಶೋಧಿಸದೇ ನೇರ ಪಂಪಿಗೆ ಹೋಗಬಹುದು. ಪ್ರೈಮರಿಂದಲೇ ತುಂಬಿಸಿ, ಕೈ ನೋಯ್ಲಿ ಪರವಾಗಿಲ್ಲ.

ಈಗ ಸೋಮವಾರ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಡ್ರೈನ್ ತಿರುಪು ಸಡಿಲಿಸಿ ಹಳೇ ಲೋಟಕ್ಕೆ ಒಂದಿಷ್ಟು ಬಿಡ್ತೀನಿ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತೆ, ನೀರು 1,000 ಗ್ರಾಂ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿದಿರುತ್ತೆ. ಬೇಸಿಗೆಯಲ್ಲಿ ಏನೂ ಸಿಗಲ್ಲ. ಮಳೆ ಬಿದ್ದ ವಾರ ಒಂದೆರಡು ಚಮಚ ಬಂದಿದ್ದುಂಟು, ಒಂದು ಸಲ ಕಪ್ಪು ಲೋಳೆ ಕೂಡ. ಆ ಲೋಳೆ ನೀರೂ ಡೀಸೆಲ್ಲೂ ಸೇರೋ ಜಾಗದಲ್ಲಿ ಬೆಳೆಯೋ ಸೂಕ್ಷ್ಮಜೀವಿಗಳದ್ದು. ಟ್ಯಾಂಕ್ ಖಾಲಿ ಬಿಟ್ರೆ ರಾತ್ರಿ ತಂಪಿಗೆ ಒಳಗೆ ನೀರು ಬೆವರುತ್ತೆ, ಆದಷ್ಟು ತುಂಬಿಸಿಡಿ.

ಎಲ್ಲರೂ ಹಾಕಿಸ್ಲೇಬೇಕು ಅಂತ ನಾನು ಹೇಳಲ್ಲ. ಒಂದೇ ಒಳ್ಳೇ ಬಂಕಲ್ಲಿ ಹಾಕಿಸಿ, ಕಂಪನಿ ಫಿಲ್ಟರನ್ನ ಹೇಳಿದ ಕಿಲೋಮೀಟರಿಗೆ ಬದಲಾಯಿಸಿ, ಡ್ಯಾಶ್‌ಬೋರ್ಡಲ್ಲಿ ನೀರಿನ ಲೈಟ್ ಹತ್ತಿದ ತಕ್ಷಣ ಗಾಡಿ ನಿಲ್ಲಿಸೋರಿಗೆ ಅದೇ ಸಾಕು. ವಾರಂಟಿ ಇರೋ ಬಿಎಸ್ 6 ಗಾಡಿಯವರು ಶೋರೂಮಲ್ಲಿ ಕೇಳದೇ ಕೈ ಹಾಕ್ಬೇಡಿ. ಕೆಲವದ್ರಲ್ಲಿ ಟ್ಯಾಂಕ್ ಒಳಗೇ ಪಂಪ್ ಇರುತ್ತೆ, ಅಲ್ಲಿ ಲೈನಲ್ಲಿ ಎಳೆತ ಇರಲ್ಲ, ಒತ್ತಡ ಇರುತ್ತೆ. ಈ ಬಟ್ಟಲು ತಡೆಯುತ್ತೆ ಅಂತ ನಂಬೋಕಾಗಲ್ಲ.

ಆದ್ರೆ ನಮ್ಮ ಥರ ಟ್ರ್ಯಾಕ್ಟರಿಗೆ ಅಂತ ಡ್ರಮ್ಮಲ್ಲಿ ತಂದಿಟ್ಟು, ಅವಸರಕ್ಕೆ ಅದರಿಂದಲೇ ಪಿಕಪ್‌ಗೂ ಸುರಿಯೋರು ಯೋಚನೆ ಮಾಡಿ. ನಿಜ ಹೇಳ್ಬೇಕಂದ್ರೆ ಗಾಡಿಗಿಂತ ಮುಂಚೆ ಫಿಲ್ಟರ್ ಬೇಕಾಗಿರೋದು ಡ್ರಮ್ಮಿಗೇ. ನೆರಳಲ್ಲಿ, ಮಳೆ ತಾಗದ ಕಡೆ ಇಡಿ. ತಂದ ದಿನವೇ ಬಳಸ್ಬೇಡಿ, ಒಂದು ದಿನ ಕದಲಿಸದೇ ಬಿಡಿ. ತಳದಿಂದ ಎರಡು ಮೂರು ಇಂಚು ಮೇಲಿಂದ ಎತ್ಕೊಳ್ಳಿ. ಭಾವ ಈಗ ಡ್ರಮ್ಮಿನ ಕೈಪಂಪಿಗೇ ನೀರು ತಡೆಯೋ ಫಿಲ್ಟರ್ ಕೂರಿಸಿದ್ದಾರೆ, ಟ್ರ್ಯಾಕ್ಟರಿಗೂ ಪಿಕಪ್‌ಗೂ ಅದರಿಂದಲೇ.

ಬರೋ ಭಾನುವಾರ ಬೆಳಗ್ಗೆ ನನ್ನ ಗಾಡಿದು ಎರಡೂ ಫಿಲ್ಟರ್ ಬದಲಾಯಿಸ್ತಿದ್ದೀನಿ. ಬಿಚ್ಚಿ ಜೋಡಿಸೋದನ್ನ ಕಣ್ಣಾರೆ ನೋಡ್ಬೇಕು ಅನ್ನೋರು ತೋಟದ ಹತ್ರ ಬನ್ನಿ. ಏಳು ಗಂಟೆಯೊಳಗೆ ಬಂದ್ರೆ ಒಳ್ಳೇದು, ಆಮೇಲೆ ಕೊಯ್ಲಿಗೆ ಆಳು ಬರ್ತಾರೆ.