ಎಂಜಿನ್ನು ಕುಡಿದ ಧೂಳು

ಫಿಲ್ಟರು ಎಂಬ ಮಾತು ನಮ್ಮ ಮನೆಯಲ್ಲಿ ಕಿವಿಗೆ ಬಿದ್ದರೆ ಅದು ಕಾಫಿಯದೇ ಎಂದು ಅರ್ಥ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ "ಇವತ್ತು ಫಿಲ್ಟರಿನಲ್ಲಿ ಬೊಗಸೆ ಮಣ್ಣು ಸಿಕ್ಕಿತು" ಎಂದದ್ದಕ್ಕೆ ನನ್ನ ಹೆಂಡತಿ ಕಾಫಿಪುಡಿಯ ಅಂಗಡಿಯವನ ಮೇಲೆ ಜಗಳಕ್ಕೆ ಹೊರಟಿದ್ದಳು. ನಾನು ಹೇಳಿದ್ದು ವಿಮಾನದ ಎಂಜಿನ್ನಿಗೆ ಗಾಳಿ ಸೋಸಿಕೊಡುವ ಫಿಲ್ಟರಿನ ಸಮಾಚಾರ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಣ್ಣ ವಿಮಾನಗಳ ಎಂಜಿನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡಾಗಿತ್ತು.

ಆಕಾಶದಲ್ಲಿ ಹಾರುವುದಕ್ಕೆ ಧೂಳಿನ ಭಯವೆಲ್ಲಿಯದು ಎಂದು ಸ್ನೇಹಿತರು ಕೇಳುವುದುಂಟು. ಮೇಲೆ ಹೋದ ಮೇಲೆ ಭಯವಿಲ್ಲ, ನಿಜ. ಆದರೆ ಕಲಿಯುವ ಹುಡುಗರ ವಿಮಾನ ಮೇಲಿರುವುದಕ್ಕಿಂತ ಇಳಿದು ಏಳುವುದೇ ಹೆಚ್ಚು. ನೆಲದ ಮೇಲೆ ಒಂದರ ಹಿಂದೊಂದು ಸಾಲುಗಟ್ಟಿದಾಗ ಮುಂದಿನದರ ಪ್ರೊಪೆಲ್ಲರು ಎಬ್ಬಿಸಿದ ಧೂಳೆಲ್ಲ ಹಿಂದಿನದರ ಪಾಲು. ನಮ್ಮ ಸೆಸ್ನಾ 152 ವಿಮಾನಕ್ಕೆ 110 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್ನು. ಅದು ಹಾರುವಾಗ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಲೀಟರು ಗಾಳಿ ಸೇದುತ್ತದೆ. ಸುಮ್ಮನೆ ಕುಳಿತ ಮನುಷ್ಯನಿಗೆ ಆರೇಳು ಲೀಟರು ಸಾಕು. ಎಂದರೆ ಒಂದು ಮದುವೆ ಮಂಟಪದ ಜನ ಅಷ್ಟೂ ಉಸಿರಾಡುವ ಗಾಳಿಯನ್ನು ಇದೊಂದೇ ಉಸಿರಾಡುತ್ತದೆ. ನಮಗಾದರೆ ಮೂಗಿನಲ್ಲಿ ಕೂದಲುಂಟು, ಸೀನುಂಟು. ಎಂಜಿನ್ನು ಸೀನಲಾರದು.

ಬಯಲುಸೀಮೆಯ ಮಣ್ಣಿನಲ್ಲಿ ಬೆಣಚಿನ ಪುಡಿ ಬೇಕಾದಷ್ಟು. ಬೆಣಚು ಎಂಜಿನ್ನಿನ ಉಕ್ಕಿಗಿಂತ ಗಟ್ಟಿ. ಫಿಲ್ಟರನ್ನು ತಪ್ಪಿಸಿಕೊಂಡು ಒಳಹೊಕ್ಕ ಒಂದು ಚಿಟಿಕೆ, ಪಿಸ್ಟನ್ನಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ನಡುವೆ ಎಣ್ಣೆಯೊಡನೆ ಕಲೆತು ಸಾಣೆಯ ಹಿಟ್ಟಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳಿಗೆ ಹೋದ ಸ್ಪಿಟ್‌ಫೈರ್ ವಿಮಾನಗಳಿಗೆ ಇದೇ ಕಾರಣಕ್ಕೆ ಮೂಗಿನ ಕೆಳಗೆ ಗಳಗಂಡದಂತೆ ದೊಡ್ಡದೊಂದು ಫಿಲ್ಟರು ಕಟ್ಟಿದ್ದರು. ವೇಗ ತಗ್ಗಿತೆಂದು ಪೈಲಟ್ಟುಗಳು ಬೈದುಕೊಂಡರು. ಕೊನೆಗೆ ಈಜಿಪ್ಟಿನ ಅಬೂಕೀರ್ ಕಾರ್ಯಾಗಾರದವರು ತಾವೇ ಚಿಕ್ಕದೊಂದನ್ನು ಮಾಡಿಕೊಂಡರು. ಬೈದರೇ ಹೊರತು ಫಿಲ್ಟರೇ ಬೇಡವೆನ್ನಲಿಲ್ಲ.

ಇನ್ನು ಎಣ್ಣೆ. ಕಾರಿಟ್ಟುಕೊಂಡವರು ಕಡ್ಡಿ ಎಳೆದು ನೋಡಿ "ಅಯ್ಯೋ, ಕಪ್ಪಾಗಿಬಿಟ್ಟಿದೆ" ಎಂದು ಮುಖ ಸಿಂಡರಿಸುತ್ತಾರೆ. ಕಪ್ಪು ಬಣ್ಣದಿಂದ ನನಗೆಂದೂ ದಿಗಿಲಾದದ್ದಿಲ್ಲ. ಉರಿದ ಮಸಿಯನ್ನೂ ಪೆಟ್ರೋಲಿನ ಸೀಸವನ್ನೂ ಹೊತ್ತು ತರುವುದು ಎಣ್ಣೆಯ ಕೆಲಸ. ಮನೆ ಒರೆಸಿದ ಬಟ್ಟೆ ಬೆಳ್ಳಗಿದ್ದರೆ ಅಲ್ಲವೆ ಅನುಮಾನ ಪಡಬೇಕಾದ್ದು? ಐವತ್ತು ಗಂಟೆ ಹಾರಿದ ಮೇಲೆ, ಎಂಜಿನ್ನು ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ, ನಡುಧಾರೆಗೆ ಸೀಸೆ ಹಿಡಿದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಕಣ್ಣಿಗೆ ಕಾಣದ ಲೋಹವನ್ನು ಅಲ್ಲಿ ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು ಎಣಿಸಿ ಬರೆದುಕೊಡುತ್ತಾರೆ. ಕಬ್ಬಿಣ ಸಿಲಿಂಡರಿನದು, ಕ್ರೋಮಿಯಂ ಉಂಗುರದ್ದು, ಸಿಲಿಕಾನ್ ಹೊರಗಿನ ಮಣ್ಣಿನದು. ಜ್ವರದ ಪಟ್ಟಿಯಂತೆ ಒಂದು ಸಲದ ಅಂಕೆ ಏನನ್ನೂ ಹೇಳದು. ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು.

1991ರ ಏಪ್ರಿಲ್. ನಾನಿದ್ದ ಫ್ಲೈಯಿಂಗ್ ಕ್ಲಬ್ಬಿನ ಹೆಸರು ಬೇಡ; ತಪ್ಪು ನನ್ನದು. ಇದ್ದದ್ದು ಎರಡೇ ವಿಮಾನ, ಅದರಲ್ಲೊಂದು ಬಿಡಿಭಾಗಕ್ಕಾಗಿ ಕಾಯುತ್ತ ಕುಳಿತಿತ್ತು. ಇನ್ನೊಂದರ ವರದಿ ಬಂತು. ಹಿಂದೆರಡು ಸಲ 7, 9 ಎಂದಿದ್ದ ಸಿಲಿಕಾನ್ ಈಗ 31. ಫಿಲ್ಟರನ್ನು ನಾನೇ ತಿಂಗಳ ಹಿಂದೆ ಹೊಸದು ಹಾಕಿದ್ದೆ. ಹೋಗಿ ನೋಡಿದೆ, ಹೊಸದಾಗಿಯೇ ಇತ್ತು. ಆಗ ನನಗೊಂದು ಅನುಕೂಲವಾದ ನೆನಪು ಬಂತು. ಫೆಬ್ರವರಿಯಲ್ಲಿ ಒಂದು ಜೋಡಣೆಗೆ ಸಿಲಿಕೋನಿನ ಸೀಲೆಂಟು ಬಳಿದಿದ್ದೆ. ಸೀಲೆಂಟಿನಿಂದಲೂ ಎಣ್ಣೆಯಲ್ಲಿ ಸಿಲಿಕಾನ್ ಏರುತ್ತದೆ, ಸುಳ್ಳಲ್ಲ. ಆದರೆ ಸೀಲೆಂಟಿನಿಂದಾದರೆ ಅದೊಂದೇ ಏರಬೇಕು. ಇಲ್ಲಿ ಕಬ್ಬಿಣವೂ ಕ್ರೋಮಿಯಮ್ಮೂ ಅದರ ಕೈಹಿಡಿದುಕೊಂಡು ಮೇಲೇರಿದ್ದವು. ಅದನ್ನು ನಾನು ಕಂಡೆ. ಕಂಡು, ಬೇಸಗೆಯಲ್ಲವೆ ಎಂದು ಸಮಾಧಾನ ಹೇಳಿಕೊಂಡೆ. ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ "ಸೀಲೆಂಟು" ಎಂದು ಬರೆದು, ಹಾರಬಹುದೆಂದು ರುಜು ಹಾಕಿದೆ.

ಆ ವಾರವೇ ಒಬ್ಬ ಹುಡುಗಿ ಅದೇ ವಿಮಾನದಲ್ಲಿ ಮೊದಲ ಸಲ ಒಬ್ಬಳೇ ದೂರದ ಊರಿಗೆ ಹಾರಿ ಹಿಂತಿರುಗಿದಳು. ಅವಳ ತಂದೆ ಶಾಲೆಯ ಮೇಷ್ಟರು. ಮಗಳ ಫೀಜಿಗೆ ಹೊಲ ಮಾರಿದ್ದರಂತೆ. ಬೆಳಗಿನಿಂದ ಹ್ಯಾಂಗರಿನ ಬಾಗಿಲಲ್ಲಿ ನಿಂತೇ ಇದ್ದವರು, ವಿಮಾನ ನೆಲ ಮುಟ್ಟಿದ ಮೇಲೆ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನನಗೆ ಎರಡು ತುಂಡು. "ಎಂಜಿನ್ನು ನಿಮ್ಮದು, ದೊಡ್ಡ ಪಾಲು ನಿಮಗೆ" ಎಂದರು. ತಿಂದೆ.

ನಾಲ್ಕು ದಿನ ಕಳೆದು ಹೊರಗವಸು ಬಿಚ್ಚಿದಾಗ ನನ್ನ ಸಹಾಯಕ ಹುಡುಗ ಫಿಲ್ಟರು ತೆಗೆದು, ಅದರ ಹಿಂದಿನ ಗಾಳಿಪೆಟ್ಟಿಗೆಯೊಳಗೆ ಬೆರಳಾಡಿಸಿದ. ಪ್ರಯೋಗಾಲಯದ ವರದಿ ಓದುವಷ್ಟು ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಬೆರಳು ತೋರಿಸಿ, "ಸಾರ್, ಫಿಲ್ಟರಿನಿಂದ ಈಚೆಗೂ ಮಣ್ಣು ಐತಲ್ಲ?" ಎಂದ. ಬೆರಳ ತುದಿ ಕುಂಕುಮ ಮುಟ್ಟಿದಂತೆ ಕೆಂಪಗಿತ್ತು.

ಕಾರ್ಬುರೇಟರಿನ ಕಂಠದಲ್ಲಿ ಪೆಟ್ರೋಲು ಆವಿಯಾಗುವಾಗ ಅಲ್ಲಿಯ ಶಾಖ ಹೀರುತ್ತದೆ. ಹೊರಗೆ ಬೆಚ್ಚಗಿದ್ದರೂ ಗಾಳಿ ತೇವವಾಗಿದ್ದರೆ ಮಂಜು ಕಟ್ಟಬಹುದು. ಅದನ್ನು ಕರಗಿಸಲೆಂದು ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಬಿಡುವ ಪುಟ್ಟ ಕದವೊಂದು ಗಾಳಿಪೆಟ್ಟಿಗೆಯಲ್ಲಿದೆ. ಇಳಿಯುವಾಗ ಪೈಲಟ್ಟು ಗುಂಡಿ ಎಳೆದು ಅದನ್ನು ತೆರೆಯುತ್ತಾನೆ. ಆ ಗಾಳಿ ಫಿಲ್ಟರಿನ ದಾರಿಯಿಂದ ಬರುವುದಲ್ಲ. ನೆಲ ಮುಟ್ಟಿದೊಡನೆ ಗುಂಡಿ ಒತ್ತಬೇಕು. ಹೊಸ ಹುಡುಗರು ಮರೆಯುತ್ತಾರೆ. ನಮ್ಮಲ್ಲಂತೂ ಒತ್ತಿದರೂ ಪ್ರಯೋಜನವಿರಲಿಲ್ಲ. ಕದದ ಅಂಚಿನ ಪಟ್ಟಿ ಸವೆದು, ಮುಚ್ಚಿದ ಮೇಲೂ ಒಂದು ಬೆರಳು ತೂರುವಷ್ಟು ಸಂದು. ಮುಂಬಾಗಿಲಿಗೆ ಹೊಸ ಬೀಗ ಜಡಿದು, ಹಿತ್ತಿಲ ಬಾಗಿಲನ್ನು ನಾನು ನೋಡಿಯೇ ಇರಲಿಲ್ಲ.

ಸಿಲಿಂಡರುಗಳ ಒತ್ತಡ ಪರೀಕ್ಷಿಸಿದೆವು. 80 ಪೌಂಡು ಗಾಳಿ ಕೊಟ್ಟರೆ ಮೂರು ಸಿಲಿಂಡರುಗಳು 70ರ ಆಸುಪಾಸು ಹಿಡಿದವು, ನಾಲ್ಕನೆಯದು 54. ಬಿಚ್ಚಿ ನೋಡಿದರೆ ಗೋಡೆಯ ಮೇಲೆ ಬೆಕ್ಕು ಪರಚಿದಂತೆ ಉದ್ದುದ್ದ ಗೀರು. ಎಂಜಿನ್ನು ಆ ಹೊತ್ತಿಗೆ ನಿಂತುಬಿಡುತ್ತಿತ್ತೆಂದು ನಾನು ಹೇಳಲಾರೆ. ಇಂಥ ಸವೆತ ಮೆಲ್ಲಗೆ ಕೊಲ್ಲುವಂಥದು. ಆದರೆ ರುಜು ಹಾಕಿದ ದಿನ ನನಗದು ಗೊತ್ತಿರಲಿಲ್ಲ; ಬಲ್ಲವನಂತೆ ಹಾಕಿದ್ದೆ.

ವಿಮಾನ ಒಂದೂವರೆ ತಿಂಗಳು ನೆಲದ ಮೇಲಿತ್ತು. ಪರೀಕ್ಷೆಗೆ ಗಂಟೆಗಳು ಸಾಲದೆ ಹುಡುಗರು ನನ್ನನ್ನು ಶಪಿಸಿದರು. ಆ ಹುಡುಗಿಯ ತಂದೆ ಒಂದು ದಿನ ಬಂದು, ಏನಾಗಿತ್ತೆಂದು ಕೇಳಿದರು. ಬಾಯಿಗೆ ಮೊದಲು ಬಂದದ್ದು "ಧೂಳು ಸಾರ್, ಬೇಸಗೆಯಲ್ಲವೆ" ಎಂಬ ಮಾತು. ಅವರು ತಲೆಯಾಡಿಸಿ ಗೇಟಿನವರೆಗೂ ಹೋಗಿದ್ದರು. ಹಿಂದೆಯೇ ಓಡಿಹೋಗಿ ನಿಲ್ಲಿಸಿ, ವರದಿ, ಪೆನ್ಸಿಲು, ರುಜು ಎಲ್ಲ ಹೇಳಿದೆ. ಮೇಷ್ಟರು ಕೊಂಚ ಹೊತ್ತು ಸುಮ್ಮನಿದ್ದು, "ಅವತ್ತು ಅವಳು ಹೊರಡುವ ಮುಂಚೆಯೇ ವರದಿ ಬಂದಿತ್ತೆ?" ಎಂದು ಕೇಳಿದರು.

ಬಂದಿತ್ತು ಎಂದೆ.