ಟಾಂಗ್ರಾದ ಅಜ್ಜಿ ಕೇಳಿದ ಪ್ರಶ್ನೆ

ಮಕ್ಕಳೇ, ನೀವೆಲ್ಲ ಹಕ್ಕಾ ನೂಡಲ್ಸ್ ತಿಂದಿದ್ದೀರಲ್ಲವೇ? ‘ಹಕ್ಕಾ’ ಅಂದರೆ ಯಾವುದೋ ಮಸಾಲೆ ಎಂದೇ ನಾನು ತಿಳಿದಿದ್ದೆ. ಅದು ಒಂದು ಜನಸಮುದಾಯದ ಹೆಸರೆಂದು ಗೊತ್ತಾದದ್ದು ಕೋಲ್ಕತ್ತದ ಟಾಂಗ್ರಾಕ್ಕೆ ಹೋದಾಗ.

ನನ್ನ ಮಗ ಕೋಲ್ಕತ್ತದಲ್ಲಿದ್ದಾನೆ. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಬಂಗಾಳಿ ನೀರು ಕುಡಿದಷ್ಟು ಸಲೀಸು. ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಅವಳೇ ನನಗೆ ದಾರಿ ತೋರಿಸಿದಳು.

ಹಕ್ಕಾ ಎಂದರೆ ‘ಅತಿಥಿ ಮನೆತನದವರು’. ಶತಮಾನಗಳ ಹಿಂದೆ ಉತ್ತರ ಚೀನಾದಿಂದ ದಕ್ಷಿಣಕ್ಕೆ ವಲಸೆ ಹೋದವರಿಗೆ ಬಂದ ಹೆಸರು ಅದು. ಅವರಲ್ಲಿ ಕೆಲವರು ಹಡಗು ಹತ್ತಿ ಕೋಲ್ಕತ್ತಕ್ಕೂ ಬಂದರು. ಟಾಂಗ್ರಾದ ಜೌಗುನೆಲದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ಮಾಲಿನ್ಯದ ಕಾರಣಕ್ಕೆ ಅವುಗಳನ್ನು ಸ್ಥಳಾಂತರಿಸುವಂತೆ ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. ಕೆಲವರು ಹೋಟೆಲ್ ನಡೆಸತೊಡಗಿದರು. ಎಷ್ಟೋ ಮಂದಿ ಕೆನಡಾದ ಟೊರಾಂಟೊಗೆ ಹೊರಟುಹೋದರು.

ಅಲ್ಲಿನ ಚೀನೀ ಕಾಳಿ ಮಂದಿರದಲ್ಲಿ ದೇವಿಗೆ ನೂಡಲ್ಸ್ ನೈವೇದ್ಯ! ಕೈಮುಗಿದು, ಪಕ್ಕದ ಗಲ್ಲಿಯ ಪುಟ್ಟ ಹೋಟೆಲಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಬಿಳಿಗೂದಲ ಅಜ್ಜಿ ನಗುತ್ತಾ, “ಸಿತ್ ಪಾವ್ ಮಾಂಗ್?” ಎಂದರು. ಆಮೇಲೆ ಬಂಗಾಳಿಯಲ್ಲಿ ವಿವರಿಸಿದರು. ಮೊಮ್ಮಗಳ ಕಣ್ಣು ಅರಳಿತು. ನನ್ನತ್ತ ತಿರುಗಿ ಹೇಳಿದಳು: “ಅಜ್ಜಿ, ಇದು ನಿಮ್ಮ ‘ಊಟ ಆಯ್ತಾ?’!”

ಹೌದು, ಹಕ್ಕಾ ಜನರೂ ನಮ್ಮ ಹಾಗೆಯೇ. ಎದುರು ಸಿಕ್ಕವರನ್ನು ಮೊದಲು ಕೇಳುವುದು ಹೊಟ್ಟೆಯ ವಿಚಾರವನ್ನೇ.

ಆ ಅಜ್ಜಿಯ ಮೊಮ್ಮಕ್ಕಳು ಟೊರಾಂಟೊದಲ್ಲಿದ್ದಾರೆ. ಭಾನುವಾರ ಫೋನ್ ಮಾಡಿದಾಗಲೂ ಮಾತೆಲ್ಲ ಇಂಗ್ಲಿಷಿನಲ್ಲೇ. “ಈ ಒಂದು ಪ್ರಶ್ನೆಗೆ ಮಾತ್ರ ಅವರು ಹಕ್ಕಾದಲ್ಲಿ ಉತ್ತರಿಸುತ್ತಾರೆ. ಅದಕ್ಕೇ ಎರಡೆರಡು ಸಲ ಕೇಳುತ್ತೇನೆ” ಎಂದು ನಕ್ಕರು. ಹಿರಿಯರ ಹೊಲ ಮಾರಿದರೂ ಹಿರಿಯರ ನುಡಿ ಮರೆಯಬೇಡ ಎಂಬುದು ಅವರ ಗಾದೆ. ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ನೂಡಲ್ಸ್ ಬರುವಷ್ಟರಲ್ಲಿ ಇಬ್ಬರ ಪಾಠ ಶುರುವಾಗಿತ್ತು. ಮೊಮ್ಮಗಳು ಮೂರು ಸಲ ತಪ್ಪಿ ನಾಲ್ಕನೆಯ ಸಲ “ಸಿತ್ ಪಾವ್ ಮಾಂಗ್” ಸರಿಯಾಗಿ ಹೇಳಿದಳು. ಆ ಅಜ್ಜಿಗೆ ‘ಊಟ’ದ ‘ಟ’ ನಾಲಿಗೆಗೆ ಹತ್ತಲೇ ಇಲ್ಲ.

ಹೊರಟಾಗ ಬಾಗಿಲವರೆಗೂ ಬಂದು ಅವರು ಕೂಗಿದರು: “ಊತ ಆಯ್ತಾ?”

“ಆಯ್ತು ಅಜ್ಜಿ, ಹೊಟ್ಟೆ ತುಂಬಾ ಆಯ್ತು!” ಎಂದಳು ಮೊಮ್ಮಗಳು. ಕನ್ನಡದಲ್ಲೇ.